ಔಷಧಿ ಹೊಡೆದರೂ ಟೊಮೆಟೊ ಎಲೆ ಮುಟುರುವುದು ಏಕೆ?

2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಕೋಲಾರದ ಕಡೆಯಿಂದ ಹಳೆಯ ದೂರೊಂದು ಮತ್ತೆ ಕೇಳಿಬಂತು: ಎಲೆ ಮುಟುರು ರೋಗ. ಬೀಜ ಸರಿಯಿಲ್ಲ ಎಂದರು ಕೆಲವರು. ಸಸಿ ಸರಿಯಿಲ್ಲ, ಔಷಧಿ ಕೆಲಸ ಮಾಡ್ತಿಲ್ಲ, ಬಿಸಿಲು ಜಾಸ್ತಿಯಾಯಿತು ಎಂದರು ಇನ್ನು ಕೆಲವರು. ಎಲ್ಲದರಲ್ಲೂ ಒಂದಿಷ್ಟು ನಿಜ ಇದ್ದೀತು. ಆದರೆ ಈ ಗಂಟು ಬಿದ್ದದ್ದು ನಿನ್ನೆ ಮೊನ್ನೆ ಅಲ್ಲ.

ಭಾರತದಲ್ಲಿ ಈ ರೋಗ 1948ರಲ್ಲೇ ದಾಖಲಾಗಿತ್ತು. ಎಂಬತ್ತರ ದಶಕದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹೊಲ ಸುತ್ತಿ ನೋಡಿದಾಗ, ಫೆಬ್ರವರಿಯಿಂದ ಮೇ ತನಕದ ಬೆಳೆಗೇ ಹೆಚ್ಚಿನ ಪೆಟ್ಟು ಎಂಬುದು ಸ್ಪಷ್ಟವಾಯಿತು. ಅಷ್ಟರಲ್ಲಿ ಕೊಳವೆಬಾವಿ ನಂಬಿ ವರ್ಷಪೂರ್ತಿ ಟೊಮೆಟೊ ಬೆಳೆಯುವುದು ರೂಢಿಯಾಗುತ್ತಿತ್ತು. ಒಂದು ಹೊಲದಲ್ಲಿ ಕೊನೆಯ ಕೊಯ್ಲು, ಪಕ್ಕದಲ್ಲಿ ಹೊಸ ನಾಟಿ. ಗಿಡದ ರಸ ಹೀರುತ್ತಾ, ಈ ರೋಗದ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವ ಪುಟ್ಟ ಬಿಳಿ ನೊಣಕ್ಕೆ ಇನ್ನೇನು ಬೇಕು?

1999ರಲ್ಲಿ ಕೋಲಾರದಲ್ಲಿ ಹೊಸ ಬಗೆಯ ಬಿಳಿ ನೊಣ ಸಿಕ್ಕಿತು. ಕುಂಬಳ ಜಾತಿಯ ಎಲೆಗಳನ್ನು ಬೆಳ್ಳಿ ಬಣ್ಣಕ್ಕೆ ತಿರುಗಿಸುವ ಈ 'ಬಿ' ತಳಿ ಹೊರದೇಶದಿಂದ ಬಂದದ್ದು. ಇಲ್ಲಿನ ನೊಣಕ್ಕಿಂತ ಇದು ಟೊಮೆಟೊ ಮೇಲೆ ಚೆನ್ನಾಗಿ ಮರಿ ಮಾಡುತ್ತದೆ. ರೋಗವೂ ಅದರ ಜೊತೆಗೇ ಹೆಚ್ಚಿತು. ಔಷಧಿ ಹೊಡೆಯುವುದೂ ಹೆಚ್ಚಿತು.

ಹೊಡೆದರೂ ರೋಗ ನಿಲ್ಲಲಿಲ್ಲ. ಕಾರಣ ನೊಣದ ಹೊಟ್ಟೆಯಲ್ಲಿದೆ. ರೋಗದ ಗಿಡದಲ್ಲಿ ಅರ್ಧ ಗಂಟೆ ರಸ ಹೀರಿದರೂ ಸಾಕು, ವೈರಸ್ ಒಳಗೆ ಹೋಗುತ್ತದೆ. ಕರುಳಿನ ಗೋಡೆ ದಾಟಿ, ದೇಹದ ದ್ರವದಲ್ಲಿ ಸಾಗಿ, ಜೊಲ್ಲು ಗ್ರಂಥಿ ಸೇರುವುದಕ್ಕೆ ಕೆಲವು ಗಂಟೆ ಬೇಕು. ದಾರಿಯಲ್ಲಿ ಅದು ಹಾಳಾಗದಂತೆ ಕಾಯುವುದು ನೊಣದೊಳಗೇ ಬದುಕುವ ಬ್ಯಾಕ್ಟೀರಿಯಾದ ಒಂದು ಪ್ರೋಟೀನ್! ಆಮೇಲೆ ಆ ನೊಣ ಸಾಯುವತನಕ ರೋಗ ಹಂಚಬಲ್ಲದು. ಪಕ್ಕದ ಹೊಲದಿಂದ ಹಾರಿ ಬಂದ ನೊಣ ನಮ್ಮ ಔಷಧಿಗೆ ಸಾಯುತ್ತದೆ, ಸರಿ. ಸಾಯುವ ಮೊದಲೇ ಚುಚ್ಚಿರುತ್ತದೆ, ಅಲ್ವಾ? ಸಾಲದ್ದಕ್ಕೆ, ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ನೊಣವೇ ಅದಕ್ಕೆ ಒಗ್ಗಿಹೋಗುತ್ತದೆ.

ಗಿಡದೊಳಗಿನ ಆಟ ಇನ್ನೂ ಸ್ವಾರಸ್ಯ. ಈ ವೈರಸ್‌ನ ಡಿಎನ್‌ಎ ಒಂದೇ ಎಳೆಯ ಪುಟ್ಟ ಉಂಗುರ, ಸುಮಾರು 2,700 ಅಕ್ಷರ. ಡಿಎನ್‌ಎ ನಕಲು ಮಾಡುವ ಸಾಮಾನು ಅದರ ಬಳಿ ಇಲ್ಲ. ಬಾಡಿಗೆಗೆ ಬಂದವರು ಮನೆಯೊಡೆಯರ ಒಲೆಯಲ್ಲೇ ಅಡುಗೆ ಮಾಡಿದ ಹಾಗೆ, ಗಿಡದ ಸಾಮಾನನ್ನೇ ಬಳಸುತ್ತದೆ. ತೊಂದರೆ ಏನೆಂದರೆ ಬೆಳೆದ ಜೀವಕೋಶ ಡಿಎನ್‌ಎ ನಕಲು ಮಾಡುವುದನ್ನು ನಿಲ್ಲಿಸಿರುತ್ತದೆ. ಆಗ ವೈರಸ್‌ನ 'ರೆಪ್' ಎಂಬ ಪ್ರೋಟೀನ್, ಕೋಶಕ್ಕೆ ತಡೆ ಹಾಕಿದ್ದ ಪ್ರೋಟೀನನ್ನು ಹಿಡಿದು ಪಕ್ಕಕ್ಕೆ ಸರಿಸುತ್ತದೆ. ಕೋಶ ಮತ್ತೆ ನಕಲು ಶುರು ಮಾಡುತ್ತದೆ. ಉಂಗುರ ಎರಡೆಳೆಯಾಗುತ್ತದೆ, ಸುತ್ತುತ್ತಾ ಸುತ್ತುತ್ತಾ ಒಂದರಿಂದ ನೂರಾರು.

ಗಿಡ ಸುಮ್ನೆ ಕೂರುವುದಿಲ್ಲ. ವೈರಸ್‌ನ ಆರ್‌ಎನ್‌ಎ ಕಂಡರೆ ಕತ್ತರಿಸಿ, ಅದರ ಜೀನ್‌ಗಳ ಬಾಯಿ ಮುಚ್ಚಿಸುತ್ತದೆ. ಇದನ್ನು ತಡೆಯಲೂ ವೈರಸ್ ಬಳಿ ಪ್ರೋಟೀನ್‌ಗಳಿವೆ. ಈ ಗುದ್ದಾಟದಲ್ಲಿ ಎಲೆಯ ಬೆಳವಣಿಗೆಯ ಲೆಕ್ಕವೇ ತಪ್ಪುತ್ತದೆ. ನಾವು ಮುಟುರು ಎನ್ನುವುದು ಅದನ್ನೇ. ಟೊಮೆಟೊ ಕಾಡುವ ಇಂಥದ್ದೇ ಇನ್ನೊಂದು ವೈರಸ್ ನೊಣದ ಜೊಲ್ಲು ಗ್ರಂಥಿಯಲ್ಲೂ ನಕಲಾಗುತ್ತದೆ ಎಂದು 2020ರಲ್ಲಿ ಚೀನಾದ ವಿಜ್ಞಾನಿಗಳು ತೋರಿಸಿದರು. ನೊಣ ಬರೀ ಸಾಗಿಸುವ ಗಾಡಿ ಎಂಬ ನಂಬಿಕೆ ಅಲ್ಲಿಗೆ ಅಲುಗಾಡಿತು.

ಔಷಧಿಗಿಂತ ತಳಿಯೇ ದಾರಿ ಎಂದು ಮೊದಲೇ ಹೊಳೆದವರೂ ಇದ್ದರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ ಸಂಕ್ರಾಂತಿ, ನಂದಿ, ವೈಭವ್ ಎಂಬ ರೋಗ ತಡೆಯುವ ತಳಿಗಳು ಬಂದವು. ಇವು ಹೈಬ್ರಿಡ್ ಅಲ್ಲ, ರೈತರೇ ಬೀಜ ಇಟ್ಟುಕೊಳ್ಳಬಹುದಿತ್ತು. ಇದು ಸಣ್ಣ ಮಾತಲ್ಲ. ಆಮೇಲೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಅರ್ಕಾ ರಕ್ಷಕ್ ಹೈಬ್ರಿಡ್ ಬಂತು. ಈಗ ಮಾರುಕಟ್ಟೆಯಲ್ಲಿರುವ ರೋಗ ತಡೆಯುವ ತಳಿಗಳಲ್ಲಿ 'ಟಿವೈ' ಹೆಸರಿನ ಜೀನ್‌ಗಳದ್ದೇ ದರ್ಬಾರು. ಅವು ದಕ್ಷಿಣ ಅಮೆರಿಕದ ಕಾಡು ಟೊಮೆಟೊಗಳಿಂದ ಬಂದವು. ಅವುಗಳಲ್ಲಿ ಟಿವೈ-1, ವೈರಸ್ ಜೀನ್‌ಗಳ ಬಾಯಿ ಮುಚ್ಚಿಸುವ ಗಿಡದ ಶಕ್ತಿಯನ್ನೇ ಹೆಚ್ಚಿಸುತ್ತದೆ.

ಆದರೆ ಬೀಜದ ಪೊಟ್ಟಣದ ಮೇಲೆ ಬರೆಯದ ಒಂದು ಮಾತಿದೆ. ಇಂಥ ಗಿಡದಲ್ಲೂ ವೈರಸ್ ಇರುತ್ತದೆ. ಕಡಿಮೆ ಇರುತ್ತದೆ, ಎಲೆ ಮುಟುರುವುದಿಲ್ಲ, ಅಷ್ಟೇ. ಆ ಗಿಡದ ರಸ ಹೀರಿದ ನೊಣ ಪಕ್ಕದ ನಾಟಿ ತಳಿಯ ಹೊಲಕ್ಕೆ ಹಾರಬಹುದು. ಹಾಗಾಗಿ ತಳಿ ಯಾವುದೇ ಇರಲಿ, ಸಸಿಮಡಿಗೆ ಸಣ್ಣ ಕಣ್ಣಿನ ಪರದೆ ಕಟ್ಟುವುದು, ಕೊಯ್ಲು ಮುಗಿದ ಹಳೆಯ ಗಿಡ ಕಿತ್ತು ಹಾಕುವುದು, ಊರಿಗೆ ಊರೇ ಒಂದಷ್ಟು ದಿನ ಟೊಮೆಟೊ ಬಿಡುವುದು ತಪ್ಪುವುದಿಲ್ಲ. ಮೊದಲ ಎರಡನ್ನು ಒಬ್ಬ ರೈತ ಮಾಡಬಹುದು. ಮೂರನೆಯದಕ್ಕೆ ಊರೇ ಒಪ್ಪಬೇಕು, ಮತ್ತು ರೇಟು ನೂರು ದಾಟಿದ ವರ್ಷ ಯಾರೂ ಒಪ್ಪುವುದಿಲ್ಲ.