ಟೊರೆಂಟ್‌ನಲ್ಲಿ ಯಾರೋ ಕೆಟ್ಟ ತುಣುಕು ಕಳಿಸಿದರೆ?

ಪ್ರಶ್ನೆ: ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂನ ಐಎಸ್‌ಒ ಫೈಲನ್ನು (ಇನ್‌ಸ್ಟಾಲ್ ಮಾಡುವ ಡಿಸ್ಕಿನ ಪ್ರತಿ) ಟೊರೆಂಟ್‌ನಲ್ಲಿ ಇಳಿಸಿಕೊಳ್ಳುತ್ತೇನೆ. ಗುರುತು ಪರಿಚಯವಿಲ್ಲದ ಎಷ್ಟೋ ಜನರ ಕಂಪ್ಯೂಟರ್‌ಗಳಿಂದ ಅದು ಬರುತ್ತದೆ. ಅವರಲ್ಲೊಬ್ಬ ಬೇಕೆಂದೇ ವೈರಸ್ ಸೇರಿಸಿ ಕಳಿಸಿದರೆ ಗತಿಯೇನು?

ಉತ್ತರ: ಅವನು ಕಳಿಸಬಹುದು, ಆದರೆ ಅದು ನಿಮ್ಮ ಫೈಲಿನಲ್ಲಿ ಉಳಿಯುವುದಿಲ್ಲ. ಟೊರೆಂಟ್ ಫೈಲಿನೊಳಗೆ ಪ್ರತಿ ತುಣುಕಿನ ಎಸ್‌ಎಚ್‌ಎ-1 ಹ್ಯಾಶ್, ಅಂದರೆ 20 ಬೈಟ್‌ನ ಗುರುತು, ಮೊದಲೇ ಬರೆದಿರುತ್ತದೆ. ತುಣುಕು ಪೂರ್ತಿ ಬಂದ ಕೂಡಲೇ ನಿಮ್ಮ ಕ್ಲೈಂಟ್, ಅಂದರೆ ಟೊರೆಂಟ್ ಇಳಿಸುವ ತಂತ್ರಾಂಶ, ಅದರ ಹ್ಯಾಶ್ ಲೆಕ್ಕ ಹಾಕಿ ತಾಳೆ ನೋಡುತ್ತದೆ. ಒಂದು ಬಿಟ್ ಬದಲಾಗಿದ್ದರೂ ಇಡೀ ತುಣುಕು ಕಸಕ್ಕೆ.

ಕಳಿಸಿದವನನ್ನು ಹಿಡಿಯುವುದೇ ಕಷ್ಟ. 256 ಕೆಬಿಯ ತುಣುಕು 16 ಕೆಬಿಯ 16 ಬ್ಲಾಕ್‌ಗಳಾಗಿ, ಬೇರೆ ಬೇರೆಯವರಿಂದ ಬರುತ್ತದೆ. ಒಬ್ಬ ಒಂದು ಬ್ಲಾಕ್ ಕೆಡಿಸಿದರೆ ಉಳಿದ 15 ಒಳ್ಳೆಯ ಬ್ಲಾಕ್‌ಗಳೂ ವ್ಯರ್ಥ. ತುಣುಕು 4 ಎಂಬಿ ಇದ್ದರೆ ವ್ಯರ್ಥವಾಗುವುದು 255. ಹಾಗಾಗಿ ಒಳ್ಳೆಯ ಕ್ಲೈಂಟ್‌ಗಳು ಕೆಟ್ಟ ತುಣುಕಿನ ಯಾವ ಬ್ಲಾಕ್ ಯಾರದೆಂದು ನೆನಪಿಟ್ಟುಕೊಂಡು, ಸರಿಯಾದ ತುಣುಕು ಸಿಕ್ಕ ಮೇಲೆ ಹೋಲಿಸಿ ನೋಡಿ, ವ್ಯತ್ಯಾಸ ಕಂಡ ಬ್ಲಾಕ್ ಕೊಟ್ಟವನ ಐಪಿಯನ್ನು ನಿಷೇಧಿಸುತ್ತವೆ. ಟೊರೆಂಟ್‌ಗಳು ಬಳಸುವ ಬಿಟ್‌ಟೊರೆಂಟ್ ನಿಯಮಾವಳಿಯ 2ನೇ ಆವೃತ್ತಿಯಲ್ಲಿ ಎಸ್‌ಎಚ್‌ಎ-256 ಹ್ಯಾಶ್‌ಗಳ ಮರ್ಕಲ್ ಮರವಿದೆ, ಅಂದರೆ ಚಿಕ್ಕ ಬ್ಲಾಕ್‌ಗಳ ಹ್ಯಾಶ್‌ಗಳನ್ನು ಜೋಡಿಜೋಡಿಯಾಗಿ ಸೇರಿಸುತ್ತ ಒಂದೇ ಹ್ಯಾಶ್‌ಗೆ ತರುವ ರಚನೆ. ಅಲ್ಲಿ ಪ್ರತಿ 16 ಕೆಬಿಯನ್ನೂ ಬೇರೆಯಾಗಿಯೇ ಪರೀಕ್ಷಿಸಬಹುದು, ತಪ್ಪಿತಸ್ಥ ಅಲ್ಲೇ ಸಿಕ್ಕಿಬೀಳುತ್ತಾನೆ.

ಕ್ಯೂಬಿಟ್‌ಟೊರೆಂಟ್ ಎಂಬ ಕ್ಲೈಂಟ್‌ನಲ್ಲಿ 'ವೇಸ್ಟೆಡ್' (ವ್ಯರ್ಥವಾದದ್ದು) ಎಂಬ ಅಂಕಿ ಸ್ವಲ್ಪ ಕಂಡರೆ ಗಾಬರಿ ಬೇಡ. ಅದು ಏರುತ್ತಲೇ ಇದ್ದು, ಯಾರಿಂದ ತರಿಸಿದರೂ ತುಣುಕು ತಾಳೆಯಾಗದಿದ್ದರೆ ನಿಮ್ಮ ರ‍್ಯಾಮ್ ಅಥವಾ ಡಿಸ್ಕನ್ನೇ ಮೊದಲು ಪರೀಕ್ಷಿಸಿ.

ಮ್ಯಾಗ್ನೆಟ್ ಕೊಂಡಿ (ಟೊರೆಂಟ್ ಫೈಲಿನ ಬದಲು ಅದರ ಹ್ಯಾಶ್ ಹೊತ್ತ ಕೊಂಡಿ) ಬಳಸುವವರಿಗೆ ಇನ್ನೊಂದು ಮಾತು. ಕೇಂದ್ರ ಸರ್ವರ್ ಇಲ್ಲದೆ ಹಂಚುವವರನ್ನು ಹುಡುಕಿಕೊಡುವ ಡಿಎಚ್‌ಟಿ ಜಾಲದಲ್ಲಿ ಒಬ್ಬನೇ ಸಾವಿರ ಸುಳ್ಳು ಗುರುತು ಹುಟ್ಟಿಸಿ, ನಿಮ್ಮ ಫೈಲಿನ ಹ್ಯಾಶ್‌ನ ಅಕ್ಕಪಕ್ಕವೇ ಕೂರಬಹುದು. ಸಂಶೋಧಕ ಜಾನ್ ಡೌಸರ್ 2002ರಲ್ಲಿ ಇದನ್ನು ಸಿಬಿಲ್ ದಾಳಿ ಎಂದು ವಿವರಿಸಿದರು. ನೋಡ್‌ನ (ಜಾಲದ ಪ್ರತಿ ಕಂಪ್ಯೂಟರ್‌ನ) ಗುರುತನ್ನು ಅದರ ಐಪಿ ವಿಳಾಸಕ್ಕೆ ಕಟ್ಟಿಹಾಕುವ ನಿಯಮ ಇದಕ್ಕೊಂದು ತಡೆ. ಅಂಥ ದಾಳಿಕೋರ ಹಂಚುವವರನ್ನು ನಿಮ್ಮಿಂದ ಮರೆಮಾಡಬಲ್ಲ, ನೀವು ಏನು ಇಳಿಸುತ್ತಿದ್ದೀರಿ ಎಂದು ಗಮನಿಸಬಲ್ಲ. ಫೈಲನ್ನು ಮಾತ್ರ ಬದಲಿಸಲಾರ.

ನಿಜವಾದ ಅಪಾಯ ಇರುವುದು ಟೊರೆಂಟ್ ಫೈಲ್ ಎಲ್ಲಿಂದ ಬಂತು ಎನ್ನುವುದರಲ್ಲಿ. ಮೂಲವೇ ಕಲಬೆರಕೆಯಾಗಿದ್ದರೆ ಹ್ಯಾಶ್ ಅದನ್ನೇ ಸರಿ ಅನ್ನುತ್ತದೆ. 2016ರ ಫೆಬ್ರವರಿ 20ರಂದು ಉಬುಂಟುವಿನಂಥದೇ ಇನ್ನೊಂದು ಸಿಸ್ಟಂ ಆದ ಲಿನಕ್ಸ್ ಮಿಂಟ್ ಜಾಲತಾಣಕ್ಕೆ ನುಗ್ಗಿದವರು 17.3 ಸಿನಮನ್ ಆವೃತ್ತಿಯ ಕೊಂಡಿಯನ್ನು ಹಿಂಬಾಗಿಲಿಟ್ಟ ಐಎಸ್‌ಒಗೆ ತಿರುಗಿಸಿದ್ದರು. ಟೊರೆಂಟ್‌ನಲ್ಲಿ ಇಳಿಸಿಕೊಂಡವರು ಅಂದು ಬಚಾವಾದರು. ಟೊರೆಂಟ್ ಫೈಲನ್ನೇ ಬದಲಿಸಿದ್ದರೆ ಅವರಿಗೂ ಅದೇ ಗತಿ.

ಅದಕ್ಕೇ ಇಳಿಸಿದ ಮೇಲೆ ಇಷ್ಟು ಮಾಡಿ: ಉಬುಂಟು ತಾಣದಲ್ಲಿ ಐಎಸ್‌ಒ ಜೊತೆಗಿರುವ ಎಸ್‌ಎಚ್‌ಎ-256 ಪಟ್ಟಿ ಮತ್ತು ಅದರ ಜಿಪಿಜಿ ಸಹಿಯ (ಪಟ್ಟಿ ಉಬುಂಟುವಿನದೇ ಎಂದು ತೋರಿಸುವ ಡಿಜಿಟಲ್ ಸಹಿ) ಫೈಲ್ ಎರಡನ್ನೂ ತನ್ನಿ. ಮೊದಲು ಸಹಿ ಪರೀಕ್ಷಿಸಿ, ಆಮೇಲೆ ಪಟ್ಟಿಯೊಂದಿಗೆ ಐಎಸ್‌ಒ ಹ್ಯಾಶ್ ತಾಳೆ ನೋಡಿ. ಸಹಿ ಬಿಟ್ಟು ಪಟ್ಟಿಯನ್ನಷ್ಟೇ ನೋಡಿದರೆ ಸಾಲದು. ಐಎಸ್‌ಒ ಬದಲಿಸಿದವನಿಗೆ ಅದೇ ತಾಣದ ಪಟ್ಟಿ ತಿದ್ದುವುದು ಎಷ್ಟು ಹೊತ್ತಿನ ಕೆಲಸ?