ಗೋಡೆಯ ಮೇಲಿನ ಕೈಗುರುತು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ ಒಂದು ಮನೆ. ಅಲ್ಲಿನ ಅಜ್ಜಿಗೆ 78 ವರ್ಷ. ಬಿದ್ದು ಸೊಂಟದ ಎಲುಬು ಮುರಿದಿತ್ತು. ಮಂಗಳೂರಿನಲ್ಲಿ ಆಪರೇಷನ್ ಆಗಿ ಮನೆಗೆ ಬಂದು ಮೂರು ವಾರ ಕಳೆದಿತ್ತು. ನಡೆಯುವ ಅಭ್ಯಾಸ ಮಾಡಿಸಲು ನನ್ನನ್ನು ಕರೆದಿದ್ದರು. ನಾನು ಫಿಸಿಯೋಥೆರಪಿಸ್ಟ್. ಕುಂಬಳೆ, ನೀರ್ಚಾಲು, ಪೆರ್ಲ, ಮುಳ್ಳೇರಿಯ ಅಂತ ಸ್ಕೂಟರಿನಲ್ಲಿ ಮನೆಮನೆಗೆ ಹೋಗುವುದೇ ನನ್ನ ಕೆಲಸ.

"ಎಲ್ಲಿ ಬಿದ್ದದ್ದು ಅಜ್ಜಿ?" ಎಂದು ಕೇಳಿದೆ. ಅಂಗಳ ಅಂತ ಹೇಳಬಹುದು ಎಂದುಕೊಂಡಿದ್ದೆ. ಜುಲೈ ತಿಂಗಳು, ಮುರಕಲ್ಲಿನ ಮೆಟ್ಟಿಲ ಮೇಲೆ ಪಾಚಿ ಹಸಿರಾಗಿ ಕೂತಿತ್ತು. ಅಲ್ಲವಂತೆ. ಬಿದ್ದದ್ದು ಮಲಗುವ ಕೋಣೆಗೆ ಸೇರಿಸಿ ಹೊಸದಾಗಿ ಕಟ್ಟಿಸಿದ ಬಾತ್‌ರೂಮಿನಲ್ಲಿ. ಅಮ್ಮ ರಾತ್ರಿ ಹೊರಗಿನ ಬಚ್ಚಲಿಗೆ ಹೋಗುವುದು ಬೇಡ ಎಂದು ಮಗ ಗಲ್ಫಿನಿಂದ ದುಡ್ಡು ಕಳಿಸಿ ಕಟ್ಟಿಸಿದ್ದು. ಬಿಳಿ ಟೈಲ್ಸ್, ಮುಖ ಕಾಣುವಷ್ಟು ಹೊಳಪು. ಐವತ್ತೈದು ವರ್ಷ ಆ ಪಾಚಿ ಮೆಟ್ಟಿಲಲ್ಲಿ ಒಮ್ಮೆಯೂ ಜಾರದವರು ಇಲ್ಲಿ ಮೂರೇ ತಿಂಗಳಲ್ಲಿ ಬಿದ್ದಿದ್ದರು.

ಇದು ಅಪರೂಪದ ಕಥೆಯೇನೂ ಅಲ್ಲ. ಮೆಟ್ಟಿಲಲ್ಲಿ ಅಜ್ಜಿ ಹೆಬ್ಬೆರಳು ಊರಿ, ನೋಡಿಕೊಂಡು ಇಳಿಯುತ್ತಿದ್ದರು. ಬಾತ್‌ರೂಮಿನಲ್ಲಿ ಯಾರು ಹಾಗೆ ನಡೆಯುತ್ತಾರೆ? ಅದೂ ಬೆಳಗಿನ ಜಾವ ನಾಲ್ಕಕ್ಕೆ, ಅರೆನಿದ್ದೆಯಲ್ಲಿ, ಅವಸರದಲ್ಲಿ.

ಯಾವ ಮನೆಗೆ ಹೋದರೂ ನಾನು ಮೊದಲು ಮಾಡುವುದು ಒಂದೇ. "ರಾತ್ರಿ ಎದ್ದರೆ ಹೇಗೆ ಹೋಗ್ತೀರಿ, ಒಮ್ಮೆ ತೋರಿಸಿ" ಎನ್ನುತ್ತೇನೆ. ಲೈಟ್ ಹಾಕುವುದಿಲ್ಲ. ಅವರ ಹಿಂದೆ ನಾನೂ ಹೋಗುತ್ತೇನೆ. ಮಂಚದಿಂದ ಬಾತ್‌ರೂಮಿಗೆ ಹೆಚ್ಚೆಂದರೆ ಹನ್ನೆರಡು ಹೆಜ್ಜೆ. ಅಷ್ಟರಲ್ಲೇ ಎಲ್ಲ ಗೊತ್ತಾಗುತ್ತದೆ. ಮಂಚದ ಕೆಳಗಿನ ಕಾಲೊರಸು ಜಾರುತ್ತದೆ. ಸ್ವಿಚ್ ಇರುವುದು ಬಾಗಿಲ ಆಚೆ. ಹೊಸ್ತಿಲು ನಾಲ್ಕು ಇಂಚು ಎತ್ತರ.

ಇನ್ನೂ ಒಂದು ನೋಡುತ್ತೇನೆ. ಗೋಡೆ. ವಯಸ್ಸಾದವರಿರುವ ಮನೆಯ ಗೋಡೆಯಲ್ಲಿ ಸೊಂಟದಿಂದ ಸ್ವಲ್ಪ ಮೇಲೆ ಒಂದು ಕಪ್ಪು ಗುರುತು ಇರುತ್ತದೆ. ಎಣ್ಣೆ, ಬೆವರು, ದಿನಾ ಅಲ್ಲೇ ಕೈ ಊರಿ ಆದ ಕಲೆ. ಸೊಸೆಯಂದಿರು ಇದನ್ನು ಎಷ್ಟು ಸಲ ಉಜ್ಜಿರುತ್ತಾರೋ! ನನಗೆ ಮಾತ್ರ ಅದು ಎಕ್ಸ್‌ರೇ ಇದ್ದ ಹಾಗೆ. ಎಲ್ಲಿ ಕಲೆ ಇದೆಯೋ ಅಲ್ಲಿ ಅವರಿಗೆ ಆಸರೆ ಬೇಕು ಎಂದರ್ಥ. ಹಿಡಿಕೆ ಹಾಕಬೇಕಾದದ್ದೂ ಅಲ್ಲೇ. ಈ ಅಜ್ಜಿಯ ಮನೆಯಲ್ಲಿ ಬಾಗಿಲ ದಾರಂದದ ಎಡಕ್ಕೆ ಒಂದು, ಕಮೋಡಿನ ಪಕ್ಕ ಒಂದು ಕಲೆ ಇತ್ತು. ಕಮೋಡಿನ ಪಕ್ಕ ಟವೆಲ್ ಹಾಕುವ ಸ್ಟೀಲ್ ರಾಡ್ ಕೂಡ ಇತ್ತು, ಒಂದು ತುದಿ ಕಿತ್ತುಬಂದು ನೇತಾಡುತ್ತಿತ್ತು. ಬೀಳುವಾಗ ಹಿಡಿದದ್ದು ಅದನ್ನೇ.

ಟವೆಲ್ ರಾಡ್ ತಡೆಯುವುದು ಬೈರಾಸಿನ ಭಾರ, ಮನುಷ್ಯರದ್ದಲ್ಲ. ಹಿಡಿಕೆ ಅಂತಲೇ ಸಿಗುವುದನ್ನು ಹಾಕಿಸಿ, ಇಲ್ಲವೇ ಪ್ಲಂಬರ್ ಹತ್ತಿರ ಜಿಐ ಪೈಪಿನಿಂದ ಮಾಡಿಸಿ. ಮುಷ್ಟಿ ಪೂರ್ತಿ ಸುತ್ತುವಷ್ಟು ದಪ್ಪ ಸಾಕು. ಹಳೇ ಮುರಕಲ್ಲಿನ ಗೋಡೆಯಲ್ಲಿ ಸಣ್ಣ ಸ್ಕ್ರೂ ನಿಲ್ಲುವುದಿಲ್ಲ, ಕಲ್ಲೇ ಪುಡಿಯಾಗುತ್ತದೆ. ಉದ್ದ ಬೋಲ್ಟ್ ಹಾಕಿಸಿ. ಹಾಕಿದ ಮೇಲೆ ಮನೆಯ ಅತಿ ದಪ್ಪದ ಮನುಷ್ಯ ಅದಕ್ಕೆ ಜೋತುಬಿದ್ದು ನೋಡಲಿ. ತಮಾಷೆಗೆ ಹೇಳುತ್ತಿಲ್ಲ. ಅದೇ ಪರೀಕ್ಷೆ.

ಅಂಗಳದ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಬ್ಲೀಚಿಂಗ್ ಪುಡಿ ಹಾಕಿ ತಿಕ್ಕುವುದು, ಅಡಿಕೆ ಮರ ಸೀಳಿದ ಪಟ್ಟಿ, ಅಂದರೆ ಸಲಕೆ, ಹಾಸುವುದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಮೆಟ್ಟಿಲ ಅಂಚಿಗೆ ಬಿಳಿ ಪೈಂಟಿನ ಒಂದು ಗೆರೆ ಎಳೆಯಿರಿ, ಅಷ್ಟು ಸಾಕು. ದೂರಕ್ಕೂ ಓದಲಿಕ್ಕೂ ಒಂದೇ ಕನ್ನಡಕ ಇರುವವರಿಗೆ ಕೆಳಗೆ ನೋಡಿದರೆ ಮೆಟ್ಟಿಲು ಮಸುಕಾಗಿಯೇ ಕಾಣುವುದು. ಆ ಗೆರೆ ಅವರಿಗೆ ದೊಡ್ಡ ಸಹಾಯ.

ಮನೆ ಸರಿ ಮಾಡುವುದು ಸುಲಭ. ಕಷ್ಟ ಇರುವುದು ಮನೆಯವರಲ್ಲಿ. ಈಗ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ.

ನಮ್ಮ ಕಡೆ ಮನೆಗಳಲ್ಲಿ ವಯಸ್ಸಾದವರೇ ಜಾಸ್ತಿ. 2011ರ ಜನಗಣತಿಯಲ್ಲೇ ಕೇರಳದ ಜನರಲ್ಲಿ ನೂರಕ್ಕೆ 12.6 ಮಂದಿ 60 ದಾಟಿದವರು. ದೇಶದ ಲೆಕ್ಕ ಆಗ 8.6. ಮಕ್ಕಳು ಬೆಂಗಳೂರಿನಲ್ಲಿ, ದುಬೈಯಲ್ಲಿ. ದಿನಾ ಫೋನ್ ಮಾಡುತ್ತಾರೆ, ಕಾಳಜಿಗೆ ಕೊರತೆ ಇಲ್ಲ. ಫೋನಿನಲ್ಲಿ ಹೇಳುವುದು ಮಾತ್ರ ಒಂದೇ ಮಾತು: "ಅಮ್ಮಾ, ನೀನು ಎಂತದೂ ಮಾಡ್ಬೇಡ, ಸುಮ್ನೆ ಕೂತ್ಕೋ."

ಬೀಳುವುದು ಶುರುವಾಗುವುದೇ ಅಲ್ಲಿಂದ.

ಈ ಅಜ್ಜಿ ಎರಡು ವರ್ಷದ ಹಿಂದಿನವರೆಗೂ ಹೆರೆಮಣೆಯ ಮೇಲೆ ಕೂತು ಕಾಯಿ ಹೆರೆಯುತ್ತಿದ್ದರು. ಮೆಟ್ಟುಕತ್ತಿಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ಊಟಕ್ಕೆ ಮಣೆ. ದಿನಕ್ಕೆ ಎಷ್ಟು ಸಲ ನೆಲಕ್ಕೆ ಕೂತು ಎದ್ದಿರಬಹುದು, ನೀವೇ ಲೆಕ್ಕ ಹಾಕಿ. ಆಮೇಲೆ ಮಿಕ್ಸಿ ಬಂತು, ಡೈನಿಂಗ್ ಟೇಬಲ್ ಬಂತು, ಟಿವಿ ಎದುರಿಗೆ ಮೆತ್ತನೆಯ ಸೋಫಾ ಬಂತು. ಎಲ್ಲ ಒಳ್ಳೆಯದಕ್ಕೇ. ಆದರೆ ತೊಡೆಯ ಸ್ನಾಯುವಿಗೆ ಕೆಲಸ ಇಲ್ಲದಿದ್ದರೆ ಅದು ಕರಗುತ್ತದೆ. ವಯಸ್ಸಾದವರಲ್ಲಂತೂ ಬಹಳ ಬೇಗ. ಹತ್ತು ದಿನ ಜ್ವರ ಬಂದು ಮಲಗಿದರೆ ಸಾಕು, ಎದ್ದು ನಿಲ್ಲುವಾಗ ಕಾಲು ನಡುಗುತ್ತದೆ. ಎರಡು ವರ್ಷ ಸೋಫಾದಲ್ಲಿ ಕೂತವರಿಗೆ, ಜಾರಿದ ಕಾಲನ್ನು ಹಿಂದಕ್ಕೆಳೆದು ಸಾವರಿಸಿಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಟೈಲ್ಸ್ ಜಾರಿಸಿತು, ನಿಜ. ಬೀಳಿಸಿದ್ದು ಸೋಫಾ.

"ಇಲ್ಲ ಇಲ್ಲ, ನಮ್ಮ ಅಪ್ಪ ದಿನಾ ವಾಕಿಂಗ್ ಹೋಗ್ತಾರೆ" ಎನ್ನುವವರಿದ್ದಾರೆ. ಒಬ್ಬರು ನಿವೃತ್ತ ಮಾಷ್ಟ್ರು, 81 ವರ್ಷ. ದಿನಾ ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ ಬರುವುದು, ಎರಡು ಕಿಲೋಮೀಟರ್. ಗಟ್ಟಿ ಆಳು ಅಂತ ಊರಿಗೆಲ್ಲ ಹೆಸರು. ಅವರನ್ನು ಕುರ್ಚಿಯಲ್ಲಿ ಕೂರಿಸಿ ಒಂದು ಪರೀಕ್ಷೆ ಮಾಡಿದೆ. ನೀವೂ ಮನೆಯಲ್ಲಿ ಮಾಡಬಹುದು. ಕೈ ಇಲ್ಲದ ಸಾದಾ ಕುರ್ಚಿ, ಗೋಡೆಗೆ ಒತ್ತಿ ಇಟ್ಟದ್ದು. ಎರಡೂ ಕೈ ಎದೆಯ ಮೇಲೆ ಅಡ್ಡ. ಕೈ ಊರದೆ ಪೂರ್ತಿ ಎದ್ದು ನಿಲ್ಲಬೇಕು, ಮತ್ತೆ ಕೂರಬೇಕು. 30 ಸೆಕೆಂಡಿನಲ್ಲಿ ಎಷ್ಟು ಸಲ? 75ರಿಂದ 79ರ ಹೆಂಗಸರಿಗೆ 10, ಗಂಡಸರಿಗೆ 11 ಆಗಬೇಕು. 80 ದಾಟಿದ ಮೇಲೆ 84ರವರೆಗೆ ಹೆಂಗಸರಿಗೆ 9, ಗಂಡಸರಿಗೆ 10. ಅದಕ್ಕಿಂತ ಕಡಿಮೆ ಆದರೆ ಬೀಳುವ ಅಪಾಯ ಜಾಸ್ತಿ ಅಂತ ಲೆಕ್ಕ. ಮಾಡುವಾಗ ಪಕ್ಕದಲ್ಲಿ ಒಬ್ಬರು ನಿಂತಿರಿ.

ಮಾಷ್ಟ್ರು ಎದ್ದದ್ದು ಆರು ಸಲ. ಏಳನೆಯದಕ್ಕೆ ಕೈ ತಾನಾಗಿ ಕುರ್ಚಿ ಹುಡುಕಿತು. "ಈ ಕುರ್ಚಿ ಸರಿ ಇಲ್ಲ" ಎಂದರು. ನಾಲ್ಕು ಕುರ್ಚಿ ಬದಲಾಯಿಸಿದೆವು.

ವಾಕಿಂಗ್ ಒಳ್ಳೆಯದೇ, ಹೃದಯಕ್ಕೆ, ಮನಸ್ಸಿಗೆ. ಸಮತಟ್ಟು ರಸ್ತೆಯಲ್ಲಿ ನಡೆದರೆ ಏಳುವ ಶಕ್ತಿ ಬರುವುದಿಲ್ಲ, ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುವುದೂ ಅದನ್ನೇ. 65 ದಾಟಿದವರು ವಾರಕ್ಕೆ 150 ನಿಮಿಷ ನಡೆಯುವಂಥ ವ್ಯಾಯಾಮದ ಜೊತೆಗೆ, ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಶಕ್ತಿಯ ಅಭ್ಯಾಸ ಮಾಡಬೇಕು.

ನಾನು ಕೊಡುವುದು ಮುಖ್ಯವಾಗಿ ಕುರ್ಚಿಯದ್ದೇ. ಅಂಚಿಗೆ ಜರುಗಿ ಕೂರಿ. ಪಾದ ಸ್ವಲ್ಪ ಹಿಂದಕ್ಕೆ, ಮಂಡಿಯಿಂದ ಒಳಗೆ ಬರಲಿ. ಮೂಗು ಕಾಲ್ಬೆರಳನ್ನು ದಾಟುವಷ್ಟು ಮುಂದಕ್ಕೆ ಬಾಗಿ, ಆಮೇಲೆ ಏಳಿ. ಹೆಚ್ಚಿನವರು ಬೆನ್ನು ನೆಟ್ಟಗೆ ಇಟ್ಟುಕೊಂಡು ಏಳಲು ನೋಡುತ್ತಾರೆ, ಧೊಪ್ಪೆಂದು ಹಿಂದಕ್ಕೆ ಬೀಳುತ್ತಾರೆ. ಕೂರುವಾಗ ಮೂರು ಎಣಿಸುತ್ತಾ ನಿಧಾನ ಕೂರಿ. ಶಕ್ತಿ ಬರುವುದು ಆ ಕೂರುವುದರಲ್ಲೇ ಜಾಸ್ತಿ. ಬೆಳಿಗ್ಗೆ ಎಂಟು, ಸಂಜೆ ಎಂಟು. ಮೊದಲು ಕೈ ಊರಿದರೂ ಅಡ್ಡಿಯಿಲ್ಲ. ಆಮೇಲೆ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಹಾಲು ಕಾಯುವಷ್ಟು ಹೊತ್ತು. ಹಾಗೆಯೇ ಕಟ್ಟೆ ಹಿಡಿದು ಒಂದು ಪಾದದ ಮುಂದೆ ಇನ್ನೊಂದನ್ನು, ಹಿಮ್ಮಡಿಗೆ ಬೆರಳು ತಾಗುವ ಹಾಗೆ ಇಟ್ಟು ಹತ್ತು ಸೆಕೆಂಡ್ ನಿಲ್ಲುವುದು. ಎದೆನೋವು, ತಲೆ ತಿರುಗುವುದು ಇದ್ದರೆ ನಿಲ್ಲಿಸಿ. ಸೊಂಟ, ಮಂಡಿ ಆಪರೇಷನ್ ಆದವರು ನೆಲಕ್ಕೆ ಕೂರುವ ಮೊದಲು ಸರ್ಜನನ್ನು ಕೇಳಿ.

2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಕರ್ನಾಟಕದ ಗಡಿಯಲ್ಲಿ ತಲಪಾಡಿಯ ರಸ್ತೆ ಮುಚ್ಚಿತಲ್ಲ, ಮಂಗಳೂರನ್ನೇ ನಂಬಿದ್ದ ನಮಗೆಲ್ಲ ಕೈಕಾಲು ಬಿದ್ದುಹೋದ ಹಾಗಾಗಿತ್ತು. ನಾನೂ ಮನೆಯಲ್ಲಿ ಬಂದಿ. ಆಗ ಇದೇ ಮೂರು ಅಭ್ಯಾಸಗಳನ್ನು ವಾಟ್ಸಾಪ್ ವಿಡಿಯೋದಲ್ಲಿ ಮಾಡಿಸುತ್ತಿದ್ದೆ. ಅರ್ಧ ಜನರ ಹಣೆ ಮಾತ್ರ ಕಾಣುತ್ತಿತ್ತು. ಆದರೂ ಎಣಿಸುವುದು ಕೇಳಿಸುತ್ತಿತ್ತು.

ಮಾತ್ರೆಗಳ ಬಗ್ಗೆ ಹೇಳದಿದ್ದರೆ ತಪ್ಪಾದೀತು. ಮಲಗಿದಲ್ಲಿಂದ ಎದ್ದ ಕೂಡಲೇ ಕಣ್ಣು ಕತ್ತಲೆ ಬರುವುದನ್ನು ಬಹಳ ಮಂದಿ "ಪಿತ್ತ" ಎಂದು ಬಿಟ್ಟುಬಿಡುತ್ತಾರೆ. ಹೆಚ್ಚಾಗಿ ಅದು ಎದ್ದಾಗ ಬಿಪಿ ಇಳಿಯುವುದು. ಮಲಗಿದಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಿ. ಮೇಲಿನ ಅಂಕೆ 20, ಅಥವಾ ಕೆಳಗಿನದ್ದು 10 ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ಬಿಪಿ ಮಾತ್ರೆ, ಗಂಡಸರ ಪ್ರಾಸ್ಟೇಟ್ ಮಾತ್ರೆ, ನಿದ್ದೆ ಮಾತ್ರೆ, ಇವೆಲ್ಲ ಕಾರಣ ಆಗಬಹುದು. ನೀವಾಗಿಯೇ ನಿಲ್ಲಿಸಬೇಡಿ. ಇರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ನಮ್ಮಲ್ಲಿ ಕಾಸರಗೋಡಿನ ಡಾಕ್ಟರ್ ಕೊಟ್ಟದ್ದು ಒಂದು, ಮಂಗಳೂರಿನವರು ಕೊಟ್ಟದ್ದು ಇನ್ನೊಂದು, ಎರಡರಲ್ಲೂ ಒಂದೇ ಔಷಧ ಬೇರೆ ಬೇರೆ ಹೆಸರಲ್ಲಿ ಇದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೊಟ್ಟ ಚೀಟಿ ಮಲಯಾಳದಲ್ಲಿದ್ದರೆ ಕನ್ನಡ ಮಾತ್ರ ಬರುವ ಅಜ್ಜಿ ಓದುವುದಾದರೂ ಹೇಗೆ? ಮಾತ್ರೆ ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ದಪ್ಪಕ್ಕೆ ಬರೆದಿಡಿ. ರಾತ್ರಿ ಏಳುವಾಗ ಮಂಚದ ಅಂಚಿನಲ್ಲಿ ಕೂತು, ಪಾದ ಹತ್ತು ಸಲ ಮೇಲೆ ಕೆಳಗೆ ಆಡಿಸಿ ಆಮೇಲೆ ನಿಲ್ಲುವುದು. ಎರಡೇ ನಿಮಿಷದ ಕೆಲಸ.

ಇನ್ನು ಕೊಡೆ. ನಮ್ಮ ಅಜ್ಜಂದಿರಿಗೆ ಊರುಗೋಲು ಹಿಡಿಯಲು ನಾಚಿಕೆ, ಉದ್ದ ಕಾವಿನ ಕೊಡೆ ಊರಿ ನಡೆಯುತ್ತಾರೆ. ಮಣ್ಣಿನಲ್ಲಿ ನಡೆದೀತು. ಟೈಲ್ಸ್ ಮೇಲೆ ಆ ಕಬ್ಬಿಣದ ತುದಿ ಸರ್ರನೆ ಜಾರುತ್ತದೆ. ಕೋಲಿನ ತುದಿಗೆ ರಬ್ಬರ್ ಬೇಕು, ಸವೆದರೆ ಬದಲಾಯಿಸಬೇಕು. ಕೈ ಕೆಳಗೆ ಬಿಟ್ಟಾಗ ಮಣಿಕಟ್ಟಿನ ಗೆರೆಯ ಎತ್ತರಕ್ಕೆ ಹಿಡಿ ಬರಬೇಕು. ನೋವಿರುವುದು ಬಲಗಾಲಾದರೆ ಕೋಲು ಎಡಗೈಯಲ್ಲಿ. ಹತ್ತರಲ್ಲಿ ಎಂಟು ಮಂದಿ ತಪ್ಪು ಕೈಯಲ್ಲೇ ಹಿಡಿದಿರುತ್ತಾರೆ.

ಬಿದ್ದೇಬಿಟ್ಟರೆ? ಎಲ್ಲರೂ ಓಡಿ ಬಂದು ಕಂಕುಳಿಗೆ ಕೈ ಹಾಕಿ ಎತ್ತುವುದು ಬೇಡ. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟ ಮುರಿದಿರಬಹುದು. ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ತಲೆಗೆ ಪೆಟ್ಟಾಗಿದ್ದು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಾದರೆ, "ಎನಗೆ ಎಂತದೂ ಆಯಿದಿಲ್ಲೆ" ಎಂದು ಅವರು ನಗುತ್ತಾ ಹೇಳಿದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಲೆಯೊಳಗಿನ ರಕ್ತಸ್ರಾವ ಕೆಲವೊಮ್ಮೆ ದಿನಗಳು, ವಾರಗಳು ಕಳೆದ ಮೇಲೆ ಗೊತ್ತಾಗುತ್ತದೆ. ಎಲ್ಲೂ ನೋವಿಲ್ಲದಿದ್ದರೆ ಅವರೇ ಏಳಬಹುದು. ಮಗ್ಗುಲಿಗೆ ಹೊರಳಿ, ಮಂಡಿ ಊರಿ, ಕುರ್ಚಿಯ ಹತ್ತಿರ ಅಂಬೆಗಾಲಿಟ್ಟು, ಕುರ್ಚಿ ಹಿಡಿದು ಒಂದು ಪಾದ ಮುಂದಿಟ್ಟು ಏಳುವುದು. ಚೆನ್ನಾಗಿರುವಾಗಲೇ ಇದನ್ನು ಚಾಪೆಯ ಮೇಲೆ ಅಭ್ಯಾಸ ಮಾಡಿಸಿ.

ಬದಿಯಡ್ಕದ ಅಜ್ಜಿಯ ಮನೆಯಲ್ಲಿ ಟೈಲ್ಸ್ ಬದಲಾಯಿಸಿ ಒರಟಿನದ್ದು ಹಾಕಿಸಿದರು. ಎರಡು ಹಿಡಿಕೆ ಬಂದವು, ಎರಡೂ ಆ ಕಲೆ ಇದ್ದ ಜಾಗಕ್ಕೇ. ದೊಡ್ಡ ಜಗಳ ಆದದ್ದು ಹೂವಿನ ವಿಷಯಕ್ಕೆ. ಬೆಳಿಗ್ಗೆ ದೇವರಿಗೆ ದಾಸವಾಳ ಕೊಯ್ಯಲು ತಾನೇ ಹೋಗುತ್ತೇನೆ ಎಂದು ಅಜ್ಜಿ. ಬೇಡವೇ ಬೇಡ ಎಂದು ಸೊಸೆ. ನಾನು ಅಜ್ಜಿಯ ಪರ ನಿಂತೆ. ಸೊಸೆ ಒಂದು ವಾರ ನನಗೆ ಚಹಾ ಕೊಡುವಾಗ ಮಾತಾಡಲಿಲ್ಲ. ಕೊನೆಗೆ ಆಳು ಬಂದು ಮೆಟ್ಟಿಲಿನ ಬದಿಗೆ ಅಡಿಕೆ ಸಲಕೆಯ ಕೈತಾಂಗು ಕಟ್ಟಿದ. ಹಬ್ಬದ ಹೊತ್ತಿಗೆ ಅಜ್ಜಿ ಅದನ್ನು ಹಿಡಿದು ಇಳಿಯುತ್ತಿದ್ದರು, ಇನ್ನೊಂದು ಕೈಯಲ್ಲಿ ಹೂವಿನ ಬುಟ್ಟಿ.

ಒಂದು ಉಪಾಯ ಮಾತ್ರ ಅವರದ್ದೇ. ಬಿದ್ದ ದಿನ ಕೂಗಿದರೆ ಅಡುಗೆಮನೆಗೆ ಕೇಳಿಸಿರಲಿಲ್ಲ, ಮೊಬೈಲ್ ಮಂಚದ ಮೇಲಿತ್ತು. ಹಟ್ಟಿಯಲ್ಲಿ ದನ ಇದ್ದ ಕಾಲದ ಒಂದು ಗಂಟೆ ಅಟ್ಟದಲ್ಲಿತ್ತಂತೆ. ಅದನ್ನು ತೆಗೆಸಿ ಬಾತ್‌ರೂಮಿನ ಕಿಟಕಿಗೆ ಕಟ್ಟಿಸಿದರು. ಹಗ್ಗವನ್ನು ನೆಲದಿಂದ ಒಂದು ಗೇಣು ಎತ್ತರದವರೆಗೆ ಇಳಿಬಿಟ್ಟರು, ಬಿದ್ದರೂ ಕೈಗೆ ಸಿಗಬೇಕಲ್ಲ. ಈವರೆಗೆ ಎರಡು ಸಲ ಬಾರಿಸಿದ್ದಾರೆ. ಎರಡು ಸಲವೂ ಬಿಸಿನೀರು ಮುಗಿದದ್ದಕ್ಕೆ.