ಮುಚ್ಚಲು ಬಾರದ ಬಾಗಿಲು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ, ಗೇಟೇ ಕೊಚ್ಚಿಹೋಯಿತು. ಕೊಪ್ಪಳ, ಬಳ್ಳಾರಿ, ರಾಯಚೂರಿನಲ್ಲಿ ಆ ವಾರವೆಲ್ಲ ಒಂದೇ ಮಾತು: ಇಷ್ಟು ರಭಸದ ನೀರಿಗೆ ಅಡ್ಡ ಹಾಕೋದು ಹೇಗೆ? ಕೊನೆಗೆ ಕ್ರೇನಿನಿಂದ ಸ್ಟಾಪ್‌ಲಾಗ್ ಎಂಬ ಉಕ್ಕಿನ ಅಡ್ಡ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ನೀರು ನಿಲ್ಲಿಸಿದರು. ಬಾಹ್ಯಾಕಾಶ ನಿಲ್ದಾಣದಲ್ಲೂ ಒಮ್ಮೆ ಇಂಥದ್ದೇ ಪೇಚು ಬಂದಿತ್ತು. ಅಲ್ಲಿ ಹೋಗುತ್ತಿದ್ದದ್ದು ಗಾಳಿ.

1997ರ ಜೂನ್ 25. ರಷ್ಯಾದ ಮಿರ್ ನಿಲ್ದಾಣದ ಬಳಿ ಪ್ರೋಗ್ರೆಸ್ ಎಂಬ ಸರಕು ನೌಕೆಯನ್ನು ಒಳಗಿನಿಂದಲೇ ಕೈಯಲ್ಲಿ ನಡೆಸಿ ಜೋಡಿಸುವ ಪರೀಕ್ಷೆ ನಡೆದಿತ್ತು. ನೌಕೆ ಹಿಡಿತಕ್ಕೆ ಸಿಗದೆ ಸ್ಪೆಕ್ಟರ್ ಎಂಬ ಮಾಡ್ಯೂಲಿಗೆ, ಅಂದರೆ ನಿಲ್ದಾಣದ ಒಂದು ಕೋಣೆಗೆ, ಗುದ್ದಿ ತೂತು ಬಿತ್ತು. ಒಳಗಿದ್ದ ಮೂವರ ಕಿವಿ ಗಪ್ಪನೆ ಕಟ್ಟಿತು. ಸ್ಪೆಕ್ಟರಿನ ಬಾಗಿಲು ಹಾಕಿದರೆ ಮುಗೀತು, ಅಲ್ವಾ? ಆದರೆ ಕೇಬಲ್‌ಗಳೆಲ್ಲ ಆ ಬಾಗಿಲ ನಡುವಿನಿಂದಲೇ ಹಾದುಹೋಗಿದ್ದವು. ಆ ಮೂವರಲ್ಲಿ ಇಬ್ಬರು, ಲಜುಟ್ಕಿನ್ ಮತ್ತು ಫೋಲ್, ಅವನ್ನು ಒಂದೊಂದೇ ಬಿಚ್ಚಿದರು. ಬಿಚ್ಚಲು ಬಾರದ್ದನ್ನು ಚಾಕುವಿನಿಂದ ಕೊಯ್ದರು. ಆಮೇಲೆ ಒಂದು ಮುಚ್ಚಳ ಹುಡುಕಿ ಆ ಬಾಗಿಲ ಬಾಯಿಗಿಟ್ಟರು. ಈ ಬದಿಯ ಗಾಳಿಯ ಒತ್ತಡವೇ ಅದನ್ನು ಭದ್ರವಾಗಿ ಅದುಮಿ ಹಿಡಿಯಿತು.

ಪ್ರಾಣ ಉಳಿಯಿತು, ಕರೆಂಟು ಹೋಯಿತು. ಮಿರ್‌ನ ಸುಮಾರು ಅರ್ಧ ವಿದ್ಯುತ್ ಬರುತ್ತಿದ್ದದ್ದು ಸ್ಪೆಕ್ಟರಿನ ಸೌರ ಫಲಕಗಳಿಂದ. ಹಾಗಾಗಿ ಭೂಮಿಯಲ್ಲಿ ಹೊಸ ಮುಚ್ಚಳ ಮಾಡಿದರು. ಅದರ ಮೈಯಲ್ಲೇ ವಿದ್ಯುತ್ ಕನೆಕ್ಟರ್‌ಗಳಿದ್ದವು. ಬಾಗಿಲು ಮುಚ್ಚಿಯೇ ಇರುತ್ತದೆ, ಕರೆಂಟು ಮಾತ್ರ ದಾಟುತ್ತದೆ. ಆಗಸ್ಟಿನಲ್ಲಿ ಇಬ್ಬರು ಅಂತರಿಕ್ಷ ಉಡುಪು ತೊಟ್ಟು, ಗಾಳಿಯಿಲ್ಲದ ಸ್ಪೆಕ್ಟರಿನೊಳಗೇ ಹೋಗಿ ತಂತಿ ಜೋಡಿಸಿದರು. ನನ್ನ ಲೆಕ್ಕದಲ್ಲಿ ಮಿರ್ ಕಥೆಯ ಅತ್ಯಂತ ಜಾಣ ವಸ್ತು ಈ ಮುಚ್ಚಳ.

ಈಗಿನ ಅಂತರರಾಷ್ಟ್ರೀಯ ನಿಲ್ದಾಣದ ಅಮೆರಿಕನ್ ಭಾಗದಲ್ಲಿ ಈ ಜಾಣತನ ಮೊದಲಿನಿಂದಲೂ ಇದೆ. ಎರಡು ಮಾಡ್ಯೂಲ್‌ಗಳನ್ನು 16 ಬೋಲ್ಟುಗಳು ಬಿಗಿಯುತ್ತವೆ. ಎರಡು ಬಾಗಿಲುಗಳ ನಡುವೆ ಚಿಕ್ಕದೊಂದು ಓಣಿ ಉಳಿಯುತ್ತದೆ. ನೀರು, ಗಾಳಿ, ವಿದ್ಯುತ್, ಡೇಟಾದ ಕೊಂಡಿಗಳು ಬಾಗಿಲಿನ ಸುತ್ತಲಿನ ಗೋಡೆಯಿಂದ ಹೊರಟು ಆ ಓಣಿಯಲ್ಲಿ ಕೂಡುತ್ತವೆ. ಬಾಗಿಲಿನ ದಾರಿ ಖಾಲಿ.

ಇವುಗಳಲ್ಲಿ ಗಾಳಿಯ ಕೊಳವೆಯನ್ನು ನಾವು ಲಕ್ಷ್ಯಕ್ಕೇ ತರುವುದಿಲ್ಲ. ಇಲ್ಲಿ ಭೂಮಿಯ ಮೇಲೆ ಬಿಸಿ ಗಾಳಿ ತಾನಾಗಿ ಮೇಲೇರುತ್ತದೆ, ತಂಪು ಗಾಳಿ ಇಳಿಯುತ್ತದೆ. ತೂಕವೇ ಇಲ್ಲದ ಕಡೆ ಮೇಲೂ ಇಲ್ಲ, ಕೆಳಗೂ ಇಲ್ಲ. ಫ್ಯಾನು ನಿಂತರೆ ಮಲಗಿದವರ ಉಸಿರಿನ ಕಾರ್ಬನ್ ಡೈಆಕ್ಸೈಡು ಅವರ ಮುಖದ ಸುತ್ತಲೇ ಸುಳಿದಾಡುತ್ತದೆ. ಆ ಗಾಳಿ ಶುದ್ಧಿ ಮಾಡುವ ಯಂತ್ರ ಇರುವುದೋ ಬೇರೆ ಮಾಡ್ಯೂಲಿನಲ್ಲಿ. ಆದ್ದರಿಂದ ಗಾಳಿಯನ್ನು ಹಗಲೂ ರಾತ್ರಿ ತಳ್ಳುತ್ತಲೇ ಇರಬೇಕು.

ಬಿಸಿ ಹೊರಹಾಕಲು ಎರಡು ಸುತ್ತು ಕೊಳವೆಗಳಿವೆ. ಒಳಗೆ ನೀರು, ಹೊರಗೆ ಅಮೋನಿಯಾ. ನೀರು ಹೊರಗೆ ಹೋದರೆ ಹೆಪ್ಪುಗಟ್ಟುತ್ತದೆ, ಅಮೋನಿಯಾ ಒಳಗೆ ಬಂದರೆ ವಿಷ. 2015ರ ಜನವರಿಯಲ್ಲಿ ಅಮೋನಿಯಾ ಸೋರಿದೆ ಎಂದು ಅಲಾರಾಂ ಬಡಿಯಿತು. ಎಲ್ಲರೂ ಅಮೋನಿಯಾ ಬಳಸದ ರಷ್ಯನ್ ಭಾಗಕ್ಕೆ ಓಡಿ ಬಾಗಿಲು ಹಾಕಿಕೊಂಡರು. ಕೊನೆಗೆ ನೋಡಿದರೆ ಸೋರಿಕೆಯೇ ಇಲ್ಲ, ಕಂಪ್ಯೂಟರಿನ ಎಡವಟ್ಟು! ಆದರೂ ಬಾಗಿಲು ಹಾಕಲು ಬಂತಲ್ಲ.

ನಮ್ಮ ಇಸ್ರೊ 2035ರ ಹೊತ್ತಿಗೆ ಸ್ವಂತ ನಿಲ್ದಾಣ ಕಟ್ಟಲು ಹೊರಟಿದೆ. ಸ್ಪೇಡೆಕ್ಸ್ ಎಂಬ ಜೋಡಣೆ ಪ್ರಯೋಗದ ಎರಡು ಉಪಗ್ರಹಗಳನ್ನು 2025ರ ಜನವರಿಯಲ್ಲಿ ಜೋಡಿಸಿ, ಮಾರ್ಚಿನಲ್ಲಿ ಬಿಡಿಸಿ, ಏಪ್ರಿಲ್‌ನಲ್ಲಿ ಮತ್ತೆ ಜೋಡಿಸಿ, ಒಂದರಿಂದ ಇನ್ನೊಂದಕ್ಕೆ ವಿದ್ಯುತ್ತನ್ನೂ ದಾಟಿಸಿತು. ನೀರು, ಗಾಳಿ ದಾಟಿಸುವ ಕೆಲಸ ಇನ್ನೂ ಬಾಕಿಯಿದೆ.